ಮರಿಗೆಯ ಆಚೆ ಬದಿ

ಅಣ್ಣ ಮೊಣ್ಣಪ್ಪ ಮಡಿಕೇರಿಯಿಂದ ಮೊದಲ ಸಲ ಬೇಸಿಗೆ ರಜೆಗೆ ಬಂದಾಗ ನಮ್ಮ ಜೊತೆ ಊಟಕ್ಕೆ ಕೂರಲಿಲ್ಲ. ಎಲೆ ಹಾಕಿ ಆಗಿತ್ತು. ಅಜ್ಜ ಕೂತಿದ್ದರು, ಅಪ್ಪ ಕೂತಿದ್ದ. ಅಕ್ಕ ಕಮಲ ಮತ್ತು ನಾನು ಗೋಡೆ ಬದಿಗೆ ಕೂತು ಯಾರ ಎಲೆ ದೊಡ್ಡದು ಎಂದು ಜಗಳ ಮಾಡುತ್ತಿದ್ದೆವು. ಅಣ್ಣ ಅಡಿಗೆಮನೆ ಬಾಗಿಲಿಗೆ ಬೆನ್ನು ತಾಗಿಸಿ ಕೈ ಕಟ್ಟಿ ನಿಂತಿದ್ದ. ಅವ್ವ ಬಂದು ಕೂರಲು ಹೇಳಿದಳು. ಎಲ್ಲರದ್ದೂ ಆಗಲಿ, ತನ್ನದು ಕಡೆಗೆ ಎಂದ.

ಅವನಿಗೆ ಆಗ ಒಂಬತ್ತು ತುಂಬಿರಲಿಲ್ಲ. ಅವನು ಯಾವಾಗಲೂ ಮೊದಲು ಕೂತು, ಬಡಿಸುವ ಮೊದಲೇ ಉಪ್ಪಿಗೆ ಬೆರಳಿಟ್ಟು ನೆಕ್ಕುವ ಹುಡುಗನಾಗಿದ್ದ.

ಅಜ್ಜನಿಗೆ ಸಂತೋಷವಾಯಿತು. ನಮ್ಮ ಅಜ್ಜ ಉತ್ತಯ್ಯ ಮನೆಯ ಯಜಮಾನರು. ಅವರ ಮಾತಿಗೆ ಎದುರು ಮಾತು ನಾವು ಯಾರೂ ಕೇಳಿದವರಲ್ಲ. "ಹೈದ ಬುದ್ಧಿ ಕಲ್ತುಟ್ಟು" ಎಂದು ಅಪ್ಪನಿಗೆ ಹೇಳಿದರು. ಅಪ್ಪ ತಲೆ ಆಡಿಸಿದ. ಅವ್ವ ಅನ್ನದ ಪಾತ್ರೆ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತಳು, ಆಮೇಲೆ ಬಡಿಸಿದಳು.

ಅದು ಕೊಡಗನ್ನು ಇಂಗ್ಲಿಷ್ ಕಮಿಷನರು ಆಳುತ್ತಿದ್ದ ಕಾಲ, ಎರಡನೆಯ ದೊಡ್ಡ ಯುದ್ಧ ಇನ್ನೂ ಸುರುವಾಗಿರಲಿಲ್ಲ. ನಮ್ಮದು ಭಾಗಮಂಡಲದಿಂದ ಮೇಲೆ, ಬೆಟ್ಟಕ್ಕೆ ಒರಗಿದ ಊರು. ಊರು ಎಂದರೆ ಅಲ್ಲೊಂದು ಇಲ್ಲೊಂದು ಗೌಡರ ಮನೆ. ಶಾಲೆ ಇದ್ದದ್ದು ಹೊಳೆಯ ಆಚೆ. ಹೊಳೆ ದಾಟಲು ಹಾಕಿದ ಮರದ ಪಾಲವನ್ನು ಪ್ರತಿ ವರ್ಷ ಮಳೆ ಎಳೆದುಕೊಂಡು ಹೋಗುತ್ತಿತ್ತು. ಮತ್ತೆ ಹಾಕುವುದು ನೀರು ಇಳಿದ ಮೇಲೆ. ನೀರು ಇಳಿಯುವಾಗ ನಮ್ಮಲ್ಲಿ ಏಲಕ್ಕಿ ಕೊಯ್ಲು. ಅರ್ಧ ಮನೆ ಮಲೆ ಹತ್ತಿ ಗುಡಿಸಲು ಸೇರುತ್ತಿತ್ತು, ಮಕ್ಕಳೂ ಜೊತೆಗೆ ಹೋಗುತ್ತಿದ್ದರು. ಹಾಗಾಗಿ ನಮ್ಮ ಕಡೆಯ ಮಕ್ಕಳಿಗೆ ಶಾಲೆ ಎಂದರೆ ಸುಗ್ಗಿಯ ಹುತ್ತರಿ ಹಬ್ಬ ಕಳೆದ ಮೇಲೆ ಸ್ವಲ್ಪ ದಿನ ಹೋಗಿ ಬರುವ ಜಾಗ. ಹಿಂದಿನ ವರ್ಷ ಕಲಿತದ್ದನ್ನು ಆಗ ನೆನಪು ಮಾಡಿಕೊಳ್ಳುವುದರೊಳಗೆ ಮತ್ತೆ ಮಳೆ.

ಅದಕ್ಕೇ ಅಣ್ಣನನ್ನು ಮಡಿಕೇರಿಯಲ್ಲಿ ಬಿಟ್ಟದ್ದು. ಅಲ್ಲಿ ಅಜ್ಜನ ಅಣ್ಣನ ಮಗ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದರು. ನಮಗೆ ದೊಡ್ಡಪ್ಪ. ಮನೆತನದಲ್ಲಿ ಇಂಗ್ಲಿಷ್ ಓದಿದವರು ಅವರೊಬ್ಬರೇ. ಹುಡುಗನನ್ನು ನನ್ನ ಹತ್ತಿರ ಬಿಡಿ, ಮನುಷ್ಯನನ್ನಾಗಿ ಮಾಡಿ ಕೊಡುತ್ತೇನೆ ಎಂದು ಅವರೇ ಕೇಳಿ ಕರೆದುಕೊಂಡು ಹೋಗಿದ್ದರು. ಅವರು ಕೆಟ್ಟವರಲ್ಲ. ಅಣ್ಣನಿಗೆ ಅಲ್ಲಿ ಹೊಡೆದದ್ದಿಲ್ಲ, ಹೊಟ್ಟೆಗೆ ಕಡಿಮೆ ಮಾಡಿದ್ದೂ ಇಲ್ಲ. ಬೆಳಿಗ್ಗೆ ಬಾವಿಯಿಂದ ನೀರು ತರಬೇಕು, ಹಸು ಬಿಡಬೇಕು, ಅಂಗಡಿಗೆ ಹೋಗಬೇಕು, ಅವರ ಮಕ್ಕಳು ಉಂಡು ಎದ್ದ ಮೇಲೆ ಉಣ್ಣಬೇಕು. ಪರರ ಮನೆಯಲ್ಲಿ ನಿಂತು ಓದುವ ಹುಡುಗರು ಆ ಕಾಲದಲ್ಲಿ ಹಾಗೆಯೇ ಇದ್ದದ್ದು. ಶಾಲೆಗೂ ಕಳಿಸುತ್ತಿದ್ದರು. ಆದರೆ ಇವನು ಅಲ್ಲಿ ಕೂತು ತೂಕಡಿಸುತ್ತಿದ್ದ.

ರಜೆಯಲ್ಲಿ ಅವ್ವ ಅವನನ್ನು ನೋಡುತ್ತಲೇ ಇದ್ದಳು. ನಾವು ಏಳುವ ಮೊದಲೇ ಅವನು ಎದ್ದು ಕೊಡ ತುಂಬಿಸಿ ಇಟ್ಟಿರುತ್ತಿದ್ದ. ಹಣ್ಣು ಬೇಕಾದರೆ ಕೇಳುತ್ತಿದ್ದ. ನಮ್ಮದೇ ಹಲಸಿನ ಮರದ ಕೆಳಗೆ ನಿಂತು, ಒಂದು ತೊಳೆ ತೆಗೆದುಕೊಳ್ಳಲಾ ಎಂದು ಕೇಳುತ್ತಿದ್ದ. ಒಂದು ದಿನ ನಾನು ಅವನ ಬೆನ್ನಿಗೆ ಹಾರಿ ಜೋತುಬಿದ್ದೆ. ಅವನು ನನ್ನನ್ನು ಮೆಲ್ಲನೆ ಕೆಳಗೆ ಇಳಿಸಿ ಸುತ್ತ ನೋಡಿದ, ಯಾರಾದರೂ ಬೈಯುತ್ತಾರೋ ಎನ್ನುವ ಹಾಗೆ.

ರಜೆ ಮುಗಿಯುವ ಮೊದಲು ಒಂದು ಮಧ್ಯಾಹ್ನ ಅಪ್ಪ ಜಗಲಿಯಲ್ಲಿ ಏಲಕ್ಕಿ ಒಣಗಿಸುವ ಚಾಪೆ ಹೆಣೆಯುತ್ತಿದ್ದ. ಅಜ್ಜ ಗದ್ದೆ ಕಡೆ ಹೋಗಿದ್ದರು. ನಾನು ಅವ್ವನ ಸೆರಗು ಹಿಡಿದುಕೊಂಡೇ ಇರುವ ವಯಸ್ಸಿನವಳು, ಅಲ್ಲೇ ಇದ್ದೆ. ಅಷ್ಟು ಸಣ್ಣವಳಿಗೆ ಎಲ್ಲ ನೆನಪಿದೆಯೇ ಎಂದು ಕೇಳಿದರೆ, ಇಲ್ಲ. ಮುಂದೆ ಅವ್ವ ಹೇಳಿದ್ದೂ ಇದರಲ್ಲಿ ಸೇರಿದೆ. ಅವ್ವ ಬಂದು ಕಂಬದ ಹತ್ತಿರ ನಿಂತು, ಮಗನನ್ನು ಇನ್ನು ಮಡಿಕೇರಿಗೆ ಕಳಿಸುವುದು ಬೇಡ ಎಂದಳು.

ಅಪ್ಪ ಮಾಯಿಲಪ್ಪ ಮೆದು ಸ್ವಭಾವದವನು. ಜಗಳಕ್ಕೆ ಬರಲಿಲ್ಲ. ಅಜ್ಜನನ್ನು ಅವನು ಕರೆಯುತ್ತಿದ್ದದ್ದು ಅಪ್ಪಯ್ಯ ಎಂದು. ಅಪ್ಪಯ್ಯ ಒಪ್ಪಿ ಕಳಿಸಿದ್ದು, ನಾವು ಬೇಡ ಎನ್ನುವುದು ಹೇಗೆ, ಅಕ್ಷರ ಕಲಿಯುವುದು ಬೇಡವೇ ಎಂದ.

"ಹೈದ ಅಲ್ಲಿ ಅಕ್ಷರ ಕಲ್ತುಟ್ಟಾ ಇಲ್ಲ್ಯಾ ನಂಗೆ ಗೊತ್ತಿಲ್ಲೆ" ಎಂದಳು ಅವ್ವ. "ಬಾಗಿಲಲ್ಲಿ ನಿಲ್ಲಿಕೆ ಕಲ್ತುಟ್ಟು."

ಅಪ್ಪನ ಕೈ ನಿಂತಿತು. ಹಾಗಾದರೆ ಕಲಿಸುವವರು ಯಾರು, ನನಗೆ ತೋಟ ಗದ್ದೆ ನೋಡಿಯೇ ಪುರುಸೊತ್ತಿಲ್ಲ ಎಂದ.

"ನಾನೇ ಹೇಳಿಕೊಡ್ನೆ. ಮೂರು ಮಕ್ಕಳಿಗೂ."

ಅಪ್ಪನಿಗೆ ನಗು ಬಂತು. ನಮ್ಮ ಕಡೆ ಆಗ ಓದುವ ಹೆಂಗಸರು ಇರಲಿಲ್ಲ. ಅವ್ವ ಅಕ್ಷರ ಕಲಿತವಳೆಂದು ಯಾರೂ ಹೇಳಿದ್ದಿಲ್ಲ, ಅವಳೂ ಹೇಳಿರಲಿಲ್ಲ. ಬೆಲ್ಲ ಸುತ್ತಿ ತಂದ ಪತ್ರಿಕೆಯ ತುಂಡೊಂದು ಅಲ್ಲೇ ಬಿದ್ದಿತ್ತು. ಓದು ನೋಡುವ ಎಂದು ಅದನ್ನು ಕೊಟ್ಟ. ಅವ್ವ ಹಿಡಿದು ನೋಡಿದಳು, ತಿರುಗಿಸಿದಳು. ಅಕ್ಷರ ಎಲ್ಲ ತಲೆಕೆಳಗಾಯಿತು. ಅಪ್ಪ ಚಾಪೆ ಬಿಟ್ಟು, ಕೆಮ್ಮು ಬರುವಷ್ಟು ನಕ್ಕ.

"ನಗಿ, ನಗಿ. ಬೋಳು ತಲೆಗೆ ಕೂದಲು ಬರ್ಸುವ ಎಣ್ಣೆ ಉಟ್ಟುಂತ ಬರ್ದುಟ್ಟು ಇದ್ರಲಿ. ಮದ್ರಾಸಿಂದ ತರ್ಸೊಕಂತೆ" ಎಂದಳು ಅವ್ವ. "ನಿಮ್ಗೆ ಒಂದ್ ಕುಪ್ಪಿ ತರ್ಸೊದಾ?"

ಅಪ್ಪನಿಗೆ ಆಗಲೇ ನೆತ್ತಿ ಬೋಳಾಗಿತ್ತು. ಅವನು ಕಾಗದ ಕಿತ್ತುಕೊಂಡು ನೆಟ್ಟಗೆ ಹಿಡಿದು ನೋಡಿದ. ಬರೆದದ್ದು ಅದೇ.

ಅವ್ವನ ತವರಿನಲ್ಲಿ ಅವಳ ಅಣ್ಣನಿಗೆ ಕಲಿಸಲು ಐಗಳೊಬ್ಬರನ್ನು ಮನೆಯಲ್ಲಿ ಇಟ್ಟುಕೊಂಡಿದ್ದರು. ಹರಿವಾಣದಲ್ಲಿ ಅಕ್ಕಿ ಹರಡಿ ಅದರಲ್ಲಿ ತಿದ್ದಿಸುತ್ತಿದ್ದರು. ಹುಡುಗಿಗೆ ಕಲಿಸುವ ಮಾತೇ ಇರಲಿಲ್ಲ. ಅವಳ ಕೆಲಸ ಹರಿವಾಣದ ಎದುರು ಕೂತು ಏಲಕ್ಕಿಯ ತೊಟ್ಟು ಬಿಡಿಸುವುದು. ಬೆರಳು ತೊಟ್ಟು ಬಿಡಿಸುತ್ತಿತ್ತು, ಕಣ್ಣು ಹರಿವಾಣದ ಮೇಲೆ. ಐಗಳು ಅವಳ ಅಣ್ಣನಿಗೆ ಹೇಳಿದ್ದು ಅವಳಿಗೂ ಕೇಳುತ್ತಿತ್ತು. ಅಣ್ಣನಿಗೆ ನೆಟ್ಟಗೆ ಕಂಡ ಅಕ್ಷರ ಅವಳಿಗೆ ತಲೆಕೆಳಗಾಗಿ ಕಂಡಿತು, ಅವಳು ಹಾಗೆಯೇ ಕಲಿತಳು. ಅಕ್ಷರ ಇರುವುದೇ ಹಾಗೆ ಎಂದು ಬಹಳ ಕಾಲ ತಿಳಿದಿದ್ದಳಂತೆ. ಮದುವೆಯಾಗಿ ಬಂದ ಮೇಲೆ ಅಪ್ಪ ಯಾವಾಗಲಾದರೊಮ್ಮೆ ಪತ್ರಿಕೆಯನ್ನು ಚಾಪೆಯ ಮೇಲೆ ಹರಡಿ ಜೋರಾಗಿ ಓದುವಾಗ ಅವ್ವ ಎದುರಿಗೆ ಕೂತು ಏನಾದರೂ ಸೋಸುತ್ತಿದ್ದಳು. ನಗುವ ಮಾತು ಬರುವ ಮೊದಲೇ ನಗುತ್ತಿದ್ದಳು. ಅದು ಯಾಕೆಂದು ಅಪ್ಪನಿಗೆ ಗೊತ್ತಾದದ್ದು ಆ ಮಧ್ಯಾಹ್ನ.

ಅವನು ಎದ್ದು ಹಿತ್ತಿಲಿಂದ ಹಿಡಿ ಬೂದಿ ತಂದು ಮರದ ಮರಿಗೆಗೆ ಸುರಿದ. ಮರಿಗೆ ಎಂದರೆ ಹಂದಿಗೋ ಹಸುವಿಗೋ ಹಿಟ್ಟು ಕಲಸುವ ಅಗಲದ ತಟ್ಟೆ. ಬರೆ ಎಂದ. ಅವ್ವ ಎದುರು ಕೂತು ಅವನ ಹೆಸರು ಬರೆದಳು, ತನ್ನ ಬಲಗಡೆಯಿಂದ ಸುರುಮಾಡಿ ಎಡಕ್ಕೆ. ಆಚೆ ಬದಿ ಕೂತ ಅಪ್ಪನಿಗೆ ಅದು ನೆಟ್ಟಗೆ ಓದಲು ಬಂತು. ಸ್ವಲ್ಪ ಹೊತ್ತು ನೋಡಿ ಅಪ್ಪ ಹೇಳಿದ್ದು ಇಷ್ಟೇ: ಎದುರು ಕೂತವರಿಗೆ ಕಲಿಸಲು ಇದಕ್ಕಿಂತ ಬೇರೆ ಏನು ಬೇಕು. ಆದರೆ ಅಪ್ಪಯ್ಯನಿಗೆ ಇದು ತಿಳಿಯುವುದು ಬೇಡ.

ಸಂಜೆ ಅಪ್ಪ ಅಜ್ಜನ ಹತ್ತಿರ ಮಾತಾಡಿದ. ಮಕ್ಕಳಿಗೆ ಮನೆಯಲ್ಲೇ ಹೇಳಿಕೊಡುತ್ತೇವೆ ಎಂದ. ಯಾರು ಎಂದು ಬಿಡಿಸಿ ಹೇಳಲಿಲ್ಲ. ಅಪ್ಪನೇ ಕಲಿಸುತ್ತಾನೆಂದು ಅಜ್ಜ ತಿಳಿದರು. ಅವರಿಗೆ ಇಷ್ಟವಿರಲಿಲ್ಲ. ಕೇಳಿ ಕರೆದುಕೊಂಡು ಹೋದವರ ಮನೆಗೆ ಹುಡುಗನನ್ನು ತಿರುಗಿ ಕಳಿಸದಿದ್ದರೆ ಅವರಿಗೆ ಅವಮಾನ ಮಾಡಿದ ಹಾಗೆ. ಬಹಳ ಹೊತ್ತು ಎಲೆ ಅಡಿಕೆ ಜಗಿದರು.

"ಹುತ್ತರಿಗೆ ಮಡಿಕೇರಿಯಂವ ಬಂದದೆ. ಅವನ ಎದ್ರೇ ಹೈದ ಓದ್ಲಿ" ಎಂದರು ಕಡೆಗೆ. "ಓದಿಕೆ ಬಾತಿಲ್ಲೆಂತೇಳಿರೆ ಅವನ ಒಟ್ಟಿಗೇ ಮಡಿಕೇರಿಗೆ ಹೋಕು. ಮತ್ತೆ ನೀವು ಯಾರೂ ಬಾಯಿ ಬಿಡಿಕೆ ಆಗ."

ಹಾಗೆ ಹುಡುಗನಿಗೆ ಓದು ಬರಿಸಲು ಅವ್ವನಿಗೆ ಒಂದು ಮಳೆಗಾಲ ಮತ್ತು ಒಂದು ಕೊಯ್ಲು ಸಿಕ್ಕಿತು.

ಪಾಠ ನಡೆದದ್ದು ಹೆಚ್ಚಾಗಿ ಮಲೆಯ ಗುಡಿಸಲಿನಲ್ಲಿ. ಆಳುಗಳಿಗೆ ಅನ್ನ ಬೇಯಿಸಲು, ಕಾಯಿ ಒಣಗಿಸುವ ಬೆಂಕಿ ನೋಡಿಕೊಳ್ಳಲು ಮನೆಯವರು ಒಬ್ಬರು ಇರಬೇಕಿತ್ತು. ಆ ಸಲ ಅವ್ವ ತಾನೇ ಹೋಗುತ್ತೇನೆ ಎಂದಳು. ಅಜ್ಜ ಮನೆಯಲ್ಲಿ ಉಳಿದರು. ಗುಡಿಸಲಿನ ಒಳಗೆ ಬಿದಿರಿನ ತಟ್ಟಿ, ಅದರ ಮೇಲೆ ಚಾಪೆ, ಚಾಪೆಯ ಮೇಲೆ ಹಸಿರು ಏಲಕ್ಕಿ, ಕೆಳಗೆ ಹೊಗೆಯಾಡುವ ಕೊಳ್ಳಿ. ಬೂದಿಗೆ ಬರಗಾಲ ಇರಲಿಲ್ಲ. ಅವ್ವ ಅದನ್ನು ಜರಡಿ ಹಿಡಿದು ಮರಿಗೆಗೆ ಹರಡುತ್ತಿದ್ದಳು. ಮರಿಗೆಯ ಆಚೆ ಬದಿ ಅಣ್ಣ ಮತ್ತು ಅಕ್ಕ, ಈಚೆ ಬದಿ ಅವ್ವ. ಅವಳ ಬಲಗೈ ಬೂದಿಯಲ್ಲಿ, ಎಡಗೈ ಸೌಟಿನ ಮೇಲೆ. ನನಗೆ ಪಾಠ ಇನ್ನೂ ಸುರುವಾಗಿರಲಿಲ್ಲ, ನಾನು ಚಿಕ್ಕವಳು. ಅವ್ವನ ತೊಡೆಗೆ ಒರಗಿ ಕೂರುವುದು ನನ್ನ ಕೆಲಸ. ಎದ್ದು ಆಚೆ ಹೋದರೆ ಜಿಗಣೆ ಹತ್ತುತ್ತದೆ ಎಂದು ಹೆದರಿಸಿ ಕೂರಿಸಿದ್ದಳು.

ಕಾಯಿ ತಂದು ಸುರಿಯಲು ಬರುತ್ತಿದ್ದ ಆಳು ಚೋಮಿಗೆ ಇದೆಲ್ಲ ತಮಾಷೆ.

"ಅಮ್ಮ, ಬೂದಿ ಪಾತ್ರೆ ತಿಕ್ಕಕೆ ಅಂತ ತಿಳ್ಕೊಂಡಿದ್ದೆ" ಎಂದಳು ಒಂದು ದಿನ. "ನೀವು ಮಕ್ಕಳ ತಲೆ ತಿಕ್ಕ್‌ತಾ ಇದ್ದೀರಿ."

"ನಿನ್ನದೂ ತಿಕ್ಕೊಕಾ? ಕೂರ್ ಬಾ."

"ನನ್ನ ತಲೇಲಿ ಹೇನು ಬಿಟ್ರೆ ಬೇರೆ ಏನೂ ನಿಲ್ಲದಿಲ್ಲಮ್ಮ" ಎಂದು ಚೋಮಿ ಬುಟ್ಟಿ ಎತ್ತಿಕೊಂಡು ನಡೆದಳು. ಹೋಗುವಾಗ, ಹೆಣ್ಣು ಮಗುವಿಗೂ ಯಾಕೆ ಎಂದು ಅಕ್ಕನನ್ನು ತೋರಿಸಿ ಕೇಳಿದಳು. ಅವ್ವ ಬೂದಿ ಸವರಿ ಅಕ್ಕನ ಕಡೆಗೆ ಇನ್ನೊಂದು ಅಕ್ಷರ ಬರೆದಳು.

ಅಕ್ಕ ಕಮಲ ಬೇಗ ಕಲಿತಳು. ಅಣ್ಣನದ್ದು ಕಷ್ಟವಾಯಿತು. ಅವನು ದಡ್ಡನಲ್ಲ. ಅವ್ವ ಮಾತಾಡಿಸಿದರೆ ಎದ್ದು ನಿಲ್ಲುತ್ತಿದ್ದ. ಬರೆ ಎಂದರೆ ಮಾತ್ರ ಬರೆಯುತ್ತಿದ್ದ, ತಪ್ಪಾದರೆ ಕೈ ಹಿಂದಕ್ಕೆ ಎಳೆದುಕೊಂಡು ಕಣ್ಣು ಮುಚ್ಚುತ್ತಿದ್ದ. ಅವ್ವ ಬೈಯಲೂ ಇಲ್ಲ, ಮುದ್ದು ಮಾಡಲೂ ಇಲ್ಲ. ಬೂದಿಯನ್ನು ಅಂಗೈಯಿಂದ ಸವರಿ ಮತ್ತೆ ಬರೆಯುತ್ತಿದ್ದಳು. ತಪ್ಪಿದ್ದು ಎಲ್ಲಿತ್ತು ಎಂದು ಹುಡುಕಿದರೂ ಸಿಗುತ್ತಿರಲಿಲ್ಲ. ಶಾಲೆಯ ಮೊದಲ ಪುಸ್ತಕವನ್ನು ಅಪ್ಪ ಎಲ್ಲಿಂದಲೋ ತಂದುಕೊಟ್ಟ. ಅದನ್ನು ಅಣ್ಣ ಅಕ್ಕನ ಕಡೆಗೆ ನೆಟ್ಟಗೆ ಇಟ್ಟರೆ ಅವ್ವನಿಗೂ ಸರಿಯಾಗುತ್ತಿತ್ತು. ಯಾರೂ ಏನನ್ನೂ ತಿರುಗಿಸಬೇಕಾಗಿರಲಿಲ್ಲ.

ಮಳೆ ಹಿಂದೆ ಸರಿಯುವ ಹೊತ್ತಿಗೆ ಒಂದು ದಿನ ಅವ್ವ ಹಲಸಿನ ಬೀಜ ಸುಟ್ಟು ಇಟ್ಟಿದ್ದಳು. ಕಡೆಯ ಒಂದು ಬೀಜ ಉಳಿದಿತ್ತು. ನಾನು ಕೈ ಚಾಚಿದೆ. ಅಣ್ಣ ನನಗಿಂತ ಮೊದಲು ಅದನ್ನು ಎತ್ತಿ ಬಾಯಿಗೆ ಹಾಕಿಕೊಂಡ. ನಾನು ಗುಡಿಸಲು ಹಾರಿಹೋಗುವ ಹಾಗೆ ಅತ್ತೆ. ಅವ್ವ ಅವನಿಗೆ ಒಂದು ಮಾತೂ ಹೇಳಲಿಲ್ಲ. ನನಗೆ ನ್ಯಾಯ ಸಿಗಲಿಲ್ಲ ಎಂದು ಆ ವಯಸ್ಸಿಗೆ ಅನಿಸಿತು. ಅದರ ಮಾರನೆಯ ದಿನ ಅಣ್ಣ ಎಲೆಗೆ ಎಲ್ಲರಿಗಿಂತ ಮೊದಲು ಬಂದು ಕೂತ.

ಹುತ್ತರಿ ಬಂತು. ನಾವು ಮಲೆ ಇಳಿದು ಮನೆ ಸೇರಿದ್ದೆವು. ಕದಿರು ತೆಗೆದದ್ದಾಯಿತು, ಹೊಸ ಅಕ್ಕಿಯ ಪಾಯಸ ಆಯಿತು. ಮಡಿಕೇರಿಯ ದೊಡ್ಡಪ್ಪ ಬಸ್ಸು ಬರುವಷ್ಟು ದೂರ ಬಸ್ಸಿನಲ್ಲಿ, ಉಳಿದದ್ದು ನಡೆದು ಬಂದಿದ್ದರು. ಕೋಟು, ಕೈಯಲ್ಲಿ ಕೊಡೆ, ನಮಗೆ ಪೆಪ್ಪರಮೆಂಟು. ಹಬ್ಬದ ಮಾರನೆಯ ಬೆಳಿಗ್ಗೆ ಜಗಲಿಯಲ್ಲಿ ಅಜ್ಜ ಅಣ್ಣನನ್ನು ಕರೆದರು. ದೊಡ್ಡಪ್ಪ ತಮ್ಮ ಚೀಲದಿಂದ ಬೇರೆ ಪುಸ್ತಕ ತೆಗೆದರು. ನಮ್ಮದು ಬಾಯಿಪಾಠ ಆಗಿರಬಹುದು ಎಂದು ಅವರಿಗೆ ಅನುಮಾನ. ಅದು ನ್ಯಾಯವೇ.

ಅವ್ವ ಒಳಗಿನ ಬಾಗಿಲ ಹಿಂದೆ ನಿಂತಿದ್ದಳು. ಭಾವನ ಎದುರು ಬಂದು ನಿಲ್ಲುವ ಕ್ರಮ ಇರಲಿಲ್ಲ. ಅವಳ ಬೆರಳು ಮಾತ್ರ ಬಾಗಿಲ ಅಂಚಿನಲ್ಲಿ ಕಾಣುತ್ತಿತ್ತು.

ಅಣ್ಣ ಓದಿದ. ನಿಧಾನ, ಆದರೆ ತಡವರಿಸಲಿಲ್ಲ. ಒಂದು ಒತ್ತಕ್ಷರದಲ್ಲಿ ನಿಂತಾಗ ಹಿಂದಿನಿಂದ ಬಗ್ಗಿ ನೋಡುತ್ತಿದ್ದ ಅಕ್ಕ ಅದನ್ನು ಹೇಳಿಬಿಟ್ಟಳು. ಅಜ್ಜ ಅವಳನ್ನು ಗದರಿದರು, ಆದರೆ ಮೀಸೆಯಲ್ಲಿ ನಗು ಇತ್ತು. ದೊಡ್ಡಪ್ಪ ಇನ್ನೆರಡು ಪುಟ ತಿರುಗಿಸಿ ಓದಿಸಿದರು. ಬರೆಸಿದರು. ಅವರು ಸುಳ್ಳು ಹೇಳುವ ಮನುಷ್ಯ ಅಲ್ಲ. ಪರವಾಗಿಲ್ಲ, ಮಡಿಕೇರಿಯಲ್ಲಿ ಇದ್ದಾಗ ಇಷ್ಟು ಬರುತ್ತಿರಲಿಲ್ಲ ಎಂದರು. ಅಪ್ಪನ ಕಡೆ ತಿರುಗಿ, ಮಾಯಿಲ, ನೀನು ಮೇಷ್ಟ್ರಾಗಬೇಕಾಗಿತ್ತು ಎಂದರು.

ಅಲ್ಲಿಗೆ ಮುಗಿಯಬೇಕಿತ್ತು. ಪೆಪ್ಪರಮೆಂಟು ಚೀಪುತ್ತಾ ನಾನು ಹತ್ತಿರ ನಿಂತಿದ್ದೆ. ದೊಡ್ಡಪ್ಪ ತಮಾಷೆಗೆ ಪುಸ್ತಕವನ್ನು ನನ್ನ ಕೈಗೆ ಕೊಟ್ಟು, ನೀನೂ ಓದ್ತೀಯೇನು ಬೊಳ್ಳಮ್ಮ ಎಂದರು. ನಾನು ಅದನ್ನು ತಿರುಗಿಸಿ ಹಿಡಿದೆ.

ದೊಡ್ಡಪ್ಪ ನಕ್ಕರು. "ಚಿಕ್ಕಪ್ಪ, ನಿಮ್ಮ ಶಾಲೇಲಿ ಪುಸ್ತಕಕ್ಕೆ ಕಾಲ್ ಮೇಲೆ, ತಲೆ ಕೆಳಗೆಯಾ?" ಅಜ್ಜನೂ ನಕ್ಕರು. ಅಪ್ಪ ನಗಲಿಲ್ಲ.

ನಾನು ಓದಿದೆ. ಹಸು ಹುಲ್ಲು ತಿನ್ನುತ್ತದೆ, ಕರು ಹಾಲು ಕುಡಿಯುತ್ತದೆ, ಅಂಥದ್ದೇ ಏನೋ. ಅಣ್ಣ ಓದಿದ್ದನ್ನು ಕೇಳಿ ಹೇಳುತ್ತಿದ್ದಾಳೆ ಎಂದುಕೊಂಡು ದೊಡ್ಡಪ್ಪ ಬೇರೆ ಪುಟ ತೆರೆದು ನೆಟ್ಟಗೆ ಮಾಡಿ ಕೊಟ್ಟರು. ನಾನು ಮತ್ತೆ ತಿರುಗಿಸಿದೆ, ಮತ್ತೆ ಓದಿದೆ. ನಾನು ಓದಬಲ್ಲೆ ಎಂದು ಅದುವರೆಗೆ ಯಾರಿಗೂ ಗೊತ್ತಿರಲಿಲ್ಲ, ಅವ್ವನಿಗೂ. ಅವಳ ಮಗ್ಗುಲಿಗೆ ಕೂತು, ಅವಳಿಗೆ ಕಂಡ ಹಾಗೆ ನನಗೂ ಕಂಡಿತ್ತು, ಅಷ್ಟೇ.

ಮಗುವಿಗೆ ಹೀಗೆ ಕಲಿಸಿದವರು ಯಾರು ಎಂದು ಅಜ್ಜ ಅಪ್ಪನನ್ನು ಕೇಳಿದರು. ಅಪ್ಪ ನೆಲ ನೋಡಿದ. ಆಮೇಲೆ, ಮಕ್ಕಳಿಗೆ ಕಲಿಸಿದ್ದು ತಾನಲ್ಲ, ಹೊನ್ನಮ್ಮ ಎಂದು ಅವ್ವನ ಹೆಸರು ಹೇಳಿದ. ಅವಳು ಹೇಗೆ ಕಲಿತಳೆಂಬುದನ್ನೂ ಹೇಳಿದ. ಅಜ್ಜ ಅವ್ವನನ್ನು ಕರೆದರು. ಅವ್ವ ಹೊಸ್ತಿಲಿನ ವರೆಗೆ ಬಂದು ಸೆರಗು ಎಳೆದುಕೊಂಡು ನಿಂತಳು. ಓದಲು ಹೇಳಿದರು. ಅವಳು ಪುಸ್ತಕ ತೆಗೆದುಕೊಂಡು, ಎಲ್ಲರೂ ನೋಡುತ್ತಿದ್ದ ಹಾಗೆ, ತಿರುಗಿಸಿ ಹಿಡಿದು ಓದಿದಳು.

ದೊಡ್ಡಪ್ಪ ಈಗ ನಗುತ್ತಿರಲಿಲ್ಲ. ಅವರಿಗೆ ನಿಜವಾಗಿಯೂ ಹೆದರಿಕೆಯಾಗಿತ್ತು ಎಂದು ನನಗೆ ಈಗ ತೋರುತ್ತದೆ. ಕಚೇರಿಯಲ್ಲಿ ಕಾಗದ ನೆಟ್ಟಗೆ ಇಟ್ಟು ಬದುಕಿದವರು. ಚಿಕ್ಕದಕ್ಕೆ ಆಗಲೇ ಹೀಗಾಗಿದೆ, ದೊಡ್ಡ ಮಕ್ಕಳಿಗೂ ನಾಳೆ ಏನು ಆಗುತ್ತದೆ ಎಂದು ಹೇಳಲು ಬರುವುದಿಲ್ಲ, ಶಾಲೆ ಇನ್‌ಸ್ಪೆಕ್ಟರರ ಎದುರು ಹೀಗೆ ನಿಂತರೆ ಊರೇ ನಗುತ್ತದೆ ಎಂದರು. ಹುಡುಗ ಚೆನ್ನಾಗಿ ಸುರುಮಾಡಿದ್ದಾನೆ, ಕೆಡುವ ಮೊದಲು ನಾಳೆ ನಾನು ಕರೆದುಕೊಂಡು ಹೋಗುತ್ತೇನೆ ಎಂದರು. ಅಪ್ಪ ಏನೋ ಹೇಳಲು ಹೊರಟ. ಅಜ್ಜ ಕೈ ಎತ್ತಿ ತಡೆದರು.

ಅಜ್ಜನಿಗೆ ನೋವಾದದ್ದು ತಲೆಕೆಳಗಾದ ಪುಸ್ತಕಕ್ಕಿಂತ, ತಮ್ಮ ಮನೆಯಲ್ಲಿ ನಡೆದದ್ದು ತಮಗೆ ತಿಳಿದಿರಲಿಲ್ಲ ಎಂಬುದಕ್ಕೆ. ಅದೂ ಬಂದವರ ಎದುರಿಗೆ. ಅವ್ವ ಪುಸ್ತಕವನ್ನು ಮುಚ್ಚಿ ಜಗಲಿಯ ಮೇಲಿಟ್ಟು ಒಳಗೆ ಹೋದಳು. ಅಡಿಗೆಮನೆಯಲ್ಲಿ ಅಣ್ಣನ ಅಂಗಿ ಚಡ್ಡಿ ಎಲ್ಲಿದೆ ಎಂದು ಅಕ್ಕನನ್ನು ಕೇಳಿದಳು. ಒಗೆದು ಒಣಗಿಸಬೇಕಲ್ಲ, ನಾಳೆಗೆ. ಒಲೆಯ ಮುಂದೆ ಅವಳು ಒಂದು ಸಲ ಮುಖ ಒರೆಸಿಕೊಂಡದ್ದು ಹೊಗೆಗೂ ಇರಬಹುದು.

ಮಧ್ಯಾಹ್ನ ಊಟಕ್ಕೆ ಎಲೆ ಹಾಕಿದರು. ಅಣ್ಣ ಆ ಕೆಲವು ದಿನಗಳ ಅಭ್ಯಾಸದಂತೆ ಎಲ್ಲರಿಗಿಂತ ಮೊದಲು ಬಂದು ಅಜ್ಜನ ಎಲೆಯ ಪಕ್ಕದಲ್ಲಿ ಕೂತು, ತನ್ನ ಎಲೆಗೆ ನೀರು ಚಿಮುಕಿಸಿ ಒರೆಸಿ, ಉಪ್ಪು ಬೇಗ ಹಾಕು ಎಂದು ಅಕ್ಕನ ಮೇಲೆ ಜೋರು ಮಾಡುತ್ತಿದ್ದ. ಅಜ್ಜ ಬಂದು ಕೂತರು. ಆಮೇಲೆ ದೊಡ್ಡಪ್ಪ ಕೈ ಕಾಲು ತೊಳೆದು ಒಳಗೆ ಬಂದರು.

ಅಣ್ಣ ಎದ್ದ. ಯಾರೂ ಏನೂ ಹೇಳಿರಲಿಲ್ಲ. ದೊಡ್ಡಪ್ಪ ಅವನ ಕಡೆ ನೋಡಿಯೂ ಇರಲಿಲ್ಲ. ಅವನು ತನ್ನ ಎಲೆಯನ್ನು ಮಡಚಿ ಕೈಯಲ್ಲಿ ಹಿಡಿದುಕೊಂಡು ಹೋಗಿ ಅಡಿಗೆಮನೆ ಬಾಗಿಲಿಗೆ ಬೆನ್ನು ತಾಗಿಸಿ ನಿಂತ.

ಅವ್ವ ಅನ್ನ ತರುತ್ತಿದ್ದವಳು ಅವನ ಹಿಂದೆ ನಿಂತುಬಿಟ್ಟಳು. ದಾರಿ ಇರಲಿಲ್ಲ.

ಅಜ್ಜ ಖಾಲಿಯಾದ ಜಾಗ ನೋಡಿದರು. ಎಲೆಯಿಂದ ಚಿಮುಕಿದ ನೀರು ನೆಲದ ಮೇಲೆ ಹಾಗೇ ಇತ್ತು. ಆಮೇಲೆ ಬಾಗಿಲ ಕಡೆ ನೋಡಿದರು. ಅವರು ಅದನ್ನು ಮೊದಲೂ ನೋಡಿದ್ದರು, ಬೇಸಿಗೆಯಲ್ಲಿ. ಆಗ ಅವರಿಗೆ ಸಂತೋಷವಾಗಿತ್ತು.

"ಮೊಣ್ಣ, ಅಲ್ಲಿ ಎಂತಕ್ಕೆ ನಿಂತದ್?" ಎಂದು ಕೇಳಿದರು.

"ದೊಡ್ಡಪ್ಪಂದು ಆಗ್ಲಿ" ಎಂದ ಅಣ್ಣ.

ದೊಡ್ಡಪ್ಪ, ಅರೆ, ಬಾ ಬಾ, ಇದು ಹಬ್ಬದ ಮನೆ, ಕೂರು ಎಂದರು. ಅವರು ಮನಸ್ಸಿನಿಂದಲೇ ಹೇಳಿದ್ದು. ಅಣ್ಣ ಅವರ ಮುಖ ನೋಡಿದ, ಆದರೆ ಬರಲಿಲ್ಲ. ದೊಡ್ಡಪ್ಪ ಹೀಗೆ ಕರೆದಾಗ ಬರಬೇಕೋ ಬೇಡವೋ ಎಂಬುದು ಅವನಿಗೆ ಇನ್ನೂ ಸರಿಯಾಗಿ ತಿಳಿದಿರಲಿಲ್ಲವೇನೋ.

ಅಜ್ಜ ಕೂತಲ್ಲಿಂದ ಎದ್ದರು. ಎಲೆಯ ಮುಂದೆ ಕೂತ ಮೇಲೆ ಊಟ ಮುಗಿಯುವ ಮೊದಲು ಅವರು ಎದ್ದದ್ದು ನಾನು ನೋಡಿದ್ದು ಅದೊಂದೇ ಸಲ. ಬಾಗಿಲಿಗೆ ಹೋಗಿ ಅಣ್ಣನ ಕೈ ಹಿಡಿದು ತಂದು, ಎಲೆ ಬಿಡಿಸಿ ಹಾಕಿ, ತಮ್ಮ ಬಲಕ್ಕೆ ಕೂರಿಸಿದರು. ತಾವೂ ಕೂತರು. ಅವ್ವನಿಗೆ ಬಡಿಸಲು ಕೈಸನ್ನೆ ಮಾಡಿದರು, ಮೊದಲು ಹುಡುಗನಿಗೆ.

ಅರ್ಧ ಊಟವಾಯಿತು. ಆಮೇಲೆ ಅಜ್ಜ ದೊಡ್ಡಪ್ಪನಿಗೆ ಹೇಳಿದರು, ಸಾರು ಕಲಸಿಕೊಳ್ಳುತ್ತಾ, ತಲೆ ಎತ್ತದೆ.

"ಹೈದ ಇಲ್ಲೇ ಇರ್ಲಿ. ನೀ ಬೇಜಾರ್ ಮಾಡ್ಬೇಡ."

"ಅಲ್ಲ ಚಿಕ್ಕಪ್ಪ, ಆ ತಲೆಕೆಳಗೆ..."

"ಪುಸ್ತಕ ಆದ್ರೆ ತಿರ್ಗ್ಸಿ ಹಿಡಿದರೆ ಆತ್."

ದೊಡ್ಡಪ್ಪ ಸ್ವಲ್ಪ ಹೊತ್ತು ಕಾದರು, ಮುಂದಿನ ಮಾತು ಬರುತ್ತದೋ ಎಂದು. ಬರಲಿಲ್ಲ. ಸರಿ ಎಂದು ಉಂಡರು. ಮಾರನೆಯ ಬೆಳಿಗ್ಗೆ ಅವರು ಹೊರಟಾಗ ಅವ್ವ ಹೊಸ ಏಲಕ್ಕಿ ಕಟ್ಟಿ ಕೊಟ್ಟಳು. ತಾವು ತಂದ ಪುಸ್ತಕವನ್ನು ಅವರು ನಮ್ಮ ಜಗಲಿಯಲ್ಲೇ ಬಿಟ್ಟುಹೋದರು. ಮರೆತದ್ದಲ್ಲ ಎಂದು ಅಪ್ಪ ಹೇಳುತ್ತಿದ್ದ.

ಅಜ್ಜ ಅವ್ವನಿಗೆ ಹೇಳಿದ್ದು ಒಂದೇ: ಚಿಕ್ಕದನ್ನು ಇನ್ನು ಮುಂದೆ ಎದುರಿಗೆ ಕೂರಿಸು. ಅವ್ವ ಕೂರಿಸಿದಳು. ಆಚೆ ಬದಿಯಿಂದ ನೋಡಿದರೆ ನನಗೆ ಯಾವ ಅಕ್ಷರವೂ ಗುರುತು ಸಿಗುತ್ತಿರಲಿಲ್ಲ, ಅಳು ಬರುತ್ತಿತ್ತು. ಮೆಲ್ಲನೆ ಎದ್ದು ಅವಳ ಮಗ್ಗುಲಿಗೆ ಹೋಗುತ್ತಿದ್ದೆ. ಕೆಲವು ಸಲ ತಿರುಗಿ ಕಳಿಸಿದಳು, ಆಮೇಲೆ 'ಇರ್ಲಿ' ಎಂದು ಬಿಟ್ಟಳು. ಆಗಾಗ ಅಜ್ಜ ಜಗಲಿಯಿಂದ ಬಂದು ಪಾಠ ನೋಡುತ್ತಾ ನಿಲ್ಲುತ್ತಿದ್ದರು. ನಾನು ಯಾವ ಬದಿ ಕೂತಿದ್ದೇನೆ ಎಂಬುದು ಅವರಿಗೆ ಕಾಣುತ್ತಿತ್ತು. ತಿರುಗಿ ಜಗಲಿಗೆ ಹೋಗುತ್ತಿದ್ದರು.

ಮುಂದಿನ ಬೇಸಿಗೆಗಳಲ್ಲಿಯೂ ಮಳೆಗಾಲಗಳಲ್ಲಿಯೂ ಅದೇ ಮರಿಗೆ, ಅದೇ ಬೂದಿ. ಅಣ್ಣ ದೊಡ್ಡವನಾದ ಮೇಲೆ ಅವ್ವನಿಗೆ ಗೊತ್ತಿದ್ದದ್ದೆಲ್ಲ ಮುಗಿಯಿತು. ಆಗ ಅವನು ತಾನೇ ಕೇಳಿ ಮಡಿಕೇರಿಗೆ ಹೋಗಿ ಬೇರೆ ಹುಡುಗರ ಜೊತೆ ಕೋಣೆ ಹಿಡಿದು ಓದಿದ. ಭಾನುವಾರ ದೊಡ್ಡಪ್ಪನ ಮನೆಗೆ ಊಟಕ್ಕೆ ಹೋಗುತ್ತಿದ್ದನಂತೆ. ಕೂತು ಉಂಡು ಬರುತ್ತಿದ್ದ ಎಂದು ಕೇಳಿ ಅವ್ವ, ಎಷ್ಟು ಸಲ ಬಡಿಸಿಕೊಂಡೆ ಎಂದು ಕೇಳಿದಳು. ಅಕ್ಕನಿಗೆ ಮದುವೆಯಾಯಿತು. ಅವಳು ತನ್ನ ಮಕ್ಕಳಿಗೆ ಶಾಲೆಗೆ ಹಾಕುವ ಮೊದಲೇ ಓದು ಕಲಿಸಿದಳು, ಎಲ್ಲರ ಹಾಗೆ ನೆಟ್ಟಗೆ.

ನಾನು ಹೊಳೆಗೆ ಗಟ್ಟಿ ಸೇತುವೆ ಬಂದ ಮೇಲೆ ಒಂದಿಷ್ಟು ದಿನ ಶಾಲೆಗೆ ಹೋದೆ. ಮೇಷ್ಟ್ರು ಒಳ್ಳೆಯವರು. ಆದರೆ ನಾನು ಓದುವಾಗ ಉಳಿದ ಮಕ್ಕಳು ತಲೆ ಕೆಳಗೆ ಮಾಡಿ ನಿಂತು ಕೇಳುತ್ತಿದ್ದರು, ಪಾಠ ಮುಂದೆ ಹೋಗುತ್ತಿರಲಿಲ್ಲ. ಅಷ್ಟರಲ್ಲಿ ಕೊಯ್ಲು ಬಂತು, ಮಲೆ ಹತ್ತಿದೆವು, ನಾನು ಶಾಲೆಗೆ ಮತ್ತೆ ಹೋಗಲಿಲ್ಲ. ನೆಟ್ಟಗೆ ಓದುವುದನ್ನು ಆಮೇಲೆ ನಾನಾಗಿ ಕಲಿತೆ. ಈಗಲೂ ಅದು ನಿಧಾನ.

ಅಜ್ಜ ಹೋದ ಮೇಲೆ, ಯುದ್ಧ ನಡೆಯುತ್ತಿದ್ದಾಗ, ಅಪ್ಪ ಪತ್ರಿಕೆಗೆ ಹೇಳಿಟ್ಟಿದ್ದ. ಭಾಗಮಂಡಲಕ್ಕೆ ಹೋದವರು ಯಾರಾದರೂ ಹಳತೋ ಹೊಸತೋ ಒಂದು ತಂದು ಕೊಡುತ್ತಿದ್ದರು. ಮಧ್ಯಾಹ್ನ ಊಟವಾದ ಮೇಲೆ ಅದನ್ನು ಚಾಪೆಯ ಮೇಲೆ ಹರಡುತ್ತಿದ್ದೆವು. ಅಪ್ಪ ಕೆಳಗಿನ ತುದಿಯಲ್ಲಿ ಕೂರುತ್ತಿದ್ದ, ಅವ್ವ ಮತ್ತು ನಾನು ಮೇಲಿನ ತುದಿಯಲ್ಲಿ, ನಮ್ಮಿಬ್ಬರ ಮಧ್ಯೆ ಏಲಕ್ಕಿಯ ರಾಶಿ ಇಟ್ಟುಕೊಂಡು. ಯಾರೂ ಜೋರಾಗಿ ಓದಬೇಕಾಗಿರಲಿಲ್ಲ. ಪುಟ ಮಗುಚುವ ಮೊದಲು ಅಪ್ಪ ಒಮ್ಮೆ ತಲೆ ಎತ್ತಿ, ಆಯಿತಾ ಎಂದು ಕೇಳುತ್ತಿದ್ದ. ಅವ್ವನದ್ದು ಯಾವಾಗಲೂ ಆಗಿರುತ್ತಿತ್ತು. ನನಗಾಗಿ ಇಬ್ಬರೂ ಸ್ವಲ್ಪ ಕಾಯುತ್ತಿದ್ದರು.